ಅಜ್ಜನ ಉಚ್ಚಾರವೂ ಇಂಗ್ಲಿಷ್ ನುಡಿಯ ಚರಿತ್ರೆಯೂ

ಕಳೆದ ಶ್ರಾವಣ ಮಾಸದಲ್ಲಿ ಧಾರವಾಡ ಸೀಮೆಯ ನಮ್ಮ ಬಂಧುಗಳೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಪೂಜೆ ಮುಗಿದು ಪಂಕ್ತಿ ಏಳುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಪಡಸಾಲೆಯಲ್ಲಿ ಆ ಮನೆಯ ಹಿರಿಯರು ಮೊಮ್ಮಗನ ಇಂಗ್ಲಿಷ್ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಮುಲ್ಕಿ ಪರೀಕ್ಷೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಒಕ್ಕಲುತನದಲ್ಲಿಯೇ ಆಯುಷ್ಯ ಸವೆಸಿದ ಜೀವ ಅದು. ಚಾಕುವಿನ ಚಿತ್ರದ ಕೆಳಗೆ ಅಚ್ಚಾಗಿದ್ದ ಪದದ ಮೊದಲಕ್ಷರವನ್ನು ಬಿಡಲು ಮನಸ್ಸು ಬಾರದೆ ಅವರು ‘ಕ್ನೈಫ್’ ಎಂದರು.

“ಅಜ್ಜಾ, ಕ್ನೈಫ್ ಅಲ್ಲ, ನೈಫ್ ಅನಬೇಕು! ಇಷ್ಟೂ ಬರೂದಿಲ್ಲೇನ ನಿನಗ?” ಎಂದು ಮೊಮ್ಮಗ ಕೈತಟ್ಟಿ ನಕ್ಕನು. ಮನೆಮಂದಿಯೆಲ್ಲ ನಕ್ಕರು. ಸುಳ್ಳೇಕೆ, ನಾವೂ ನಕ್ಕೆವು. ಅಜ್ಜನವರೂ ನಕ್ಕಂತೆ ಮಾಡಿ, ಪುಸ್ತಕವನ್ನು ಮಡಿಚಿಟ್ಟು, ದನಗಳಿಗೆ ನೀರು ತೋರಿಸುವ ನೆಪದಿಂದ ಹಿತ್ತಿಲಿಗೆ ಹೋದರು. ಮರುದಿನ ಸಂಜೆ ನಾವು ಹೊರಡುವವರೆಗೂ ಅವರು ಆ ಪುಸ್ತಕವನ್ನು ಮತ್ತೆ ಮುಟ್ಟಿದ್ದನ್ನು ನಾವು ಕಾಣಲಿಲ್ಲ.

ಊರಿಗೆ ಮರಳುವ ದಾರಿಯಲ್ಲಿ ನಮ್ಮ ನಗೆಯೇ ನಮ್ಮನ್ನು ಚುಚ್ಚತೊಡಗಿತು. ಏಕೆಂದರೆ ಅಜ್ಜನವರು ಓದಿದ ರೀತಿ ಇಂದಿನ ಶಾಲೆಗೆ ತಪ್ಪಾಗಿರಬಹುದು; ಇಂಗ್ಲೆಂಡಿನವರೇ ಹಲವು ಶತಮಾನಗಳ ಕಾಲ ಆ ಮೊದಲಕ್ಷರವನ್ನು ನಾಲಿಗೆಯ ಮೇಲೆ ತಂದೇ ಆ ಶಬ್ದವನ್ನು ಆಡುತ್ತಿದ್ದರು. ಎಂಟನೆಯ ಶತಮಾನದ ಕೊನೆಯಿಂದ ಹಡಗುಗಳಲ್ಲಿ ಬಂದು ಮೊದಲು ಕೊಳ್ಳೆ ಹೊಡೆದು, ಬಳಿಕ ಅಲ್ಲಿಯೇ ನೆಲೆನಿಂತು ಒಕ್ಕಲಾದ ಉತ್ತರದ ನಾರ್ಸ್ ಜನರಿಂದ ಇಂಗ್ಲಿಷಿಗೆ ದೊರೆತ ಪದ ಅದು. ಆಗಿನ ಉಚ್ಚಾರ ಸರಿಸುಮಾರು ‘ಕ್ನೀಫ್’. ಹದಿನೇಳನೆಯ ಶತಮಾನದ ಹೊತ್ತಿಗೆ ಜನರ ನಾಲಿಗೆ ಆ ಕಕಾರವನ್ನು ಕೈಬಿಟ್ಟಿತು. ಬರವಣಿಗೆ ಬಿಡಲಿಲ್ಲ. (ಚಿತ್ರದಲ್ಲಿದ್ದ ‘ಚಾಕು’ ಎಂಬ ನಮ್ಮ ಶಬ್ದವಾದರೂ ಎಲ್ಲಿಯದು? ಅದು ತುರ್ಕಿ, ಪಾರಸಿ ನಾಲಿಗೆಗಳನ್ನು ಹಾಯ್ದು ಕನ್ನಡದ ಅಡುಗೆಮನೆಗೆ ಬಂದದ್ದು.)

ನಮ್ಮ ಮನೆಗಳಲ್ಲಿ ಇಂಗ್ಲಿಷ್ ನುಡಿಯನ್ನು ಕಲ್ಲಿನಲ್ಲಿ ಕೆತ್ತಿದ ಶಾಸನದಂತೆ ಕಾಣುವ ರೂಢಿ ಬೆಳೆದಿದೆ. ಒಂದಕ್ಷರ ಆಚೀಚೆಯಾದರೆ ಮಹಾಪರಾಧ. ಆ ಭಯದಿಂದ ಹಿರಿಯರು ಮಕ್ಕಳೆದುರು ಬಾಯಿ ಬಿಡುವುದಿಲ್ಲ. ಶಾಲೆಯ ಸಭೆಗೆ ಬರಹೇಳಿದರೆ ತಾಯಂದಿರು ಹೋಗಲು ಹಿಂಜರಿಯುತ್ತಾರೆ. ಅದಕ್ಕಾಗಿ ಈ ತಿಂಗಳು ನಾವು ಆ ನುಡಿ ಬೆಳೆದುಬಂದ ದಾರಿಯನ್ನು ಕೊಂಚ ವಿಚಾರಿಸಬೇಕೆಂದಿದ್ದೇವೆ.

ಬಾಯಿ ಬಿಟ್ಟ ಅಕ್ಷರವನ್ನು ಬರಹ ಹಿಡಿದುಕೊಂಡು ಕುಳಿತದ್ದೇಕೆ ಎಂಬುದಕ್ಕೆ ಮುಖ್ಯ ಕಾರಣ ಮುದ್ರಣಾಲಯ. ೧೪೭೬ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ಸ್ಥಾಪಿಸಿದನು. ಆಗ ಜನರ ಸ್ವರೋಚ್ಚಾರಗಳು ಭರದಿಂದ ಬದಲಾಗುತ್ತಿದ್ದವು. ಅಚ್ಚಿನ ಮೊಳೆಗಳು ಮಾತ್ರ ಹಳೆಯ ಕಾಗುಣಿತವನ್ನೇ ಊರತೊಡಗಿದವು. ಮಾತು ಮುಂದಕ್ಕೆ ನಡೆಯಿತು, ಬರಹ ಹಿಂದೆ ಉಳಿಯಿತು. ನಮ್ಮ ಮಕ್ಕಳು ಇಂದು ಕಣ್ಣೀರು ಹಾಕಿಕೊಂಡು ಬಾಯಿಪಾಠ ಮಾಡುವ ಸ್ಪೆಲಿಂಗಿನ ಬಹುಪಾಲು ಗೋಳು ಇಲ್ಲಿಂದ ಆರಂಭವಾದದ್ದು.

ಇದು ಸಾಲದೆಂಬಂತೆ ಪಂಡಿತರೂ ತಮ್ಮ ಕೈವಾಡ ತೋರಿದರು. ಸಾಲ ಎಂಬರ್ಥದ ‘ಡೆಟ್’ ಶಬ್ದದಲ್ಲಿ ಬಕಾರದ ಅಕ್ಷರವೊಂದು ಸುಮ್ಮನೆ ಕುಳಿತಿರುತ್ತದೆ. ಫ್ರೆಂಚಿನಿಂದ ಆ ಪದವನ್ನು ಪಡೆದಾಗ ಅದರಲ್ಲಿ ಬಕಾರವೇ ಇರಲಿಲ್ಲ. ಲ್ಯಾಟಿನ್ನಿನ ಮೂಲಪದದಲ್ಲಿ ಇದೆಯೆಂದು ತೋರಿಸುವುದಕ್ಕಾಗಿ ಓದಿದವರು ಅದನ್ನು ತಂದು ಸೇರಿಸಿದರು. ದ್ವೀಪ ಎಂಬರ್ಥದ ‘ಐಲೆಂಡ್’ ಶಬ್ದದ ಸಕಾರದ ಕಥೆ ಇನ್ನೂ ಸೊಗಸು. ಅದು ಅಚ್ಚ ಹಳೆಯ ಇಂಗ್ಲಿಷ್ ಪದ, ಲ್ಯಾಟಿನ್ನಿಗೂ ಅದಕ್ಕೂ ನಂಟಿಲ್ಲ. ಇದೆಯೆಂದು ತಪ್ಪು ತಿಳಿದು ಸಕಾರವನ್ನು ತುರುಕಲಾಯಿತು. ಪಂಡಿತರ ತಪ್ಪು ನಿಯಮವಾಗಿ ನಿಂತಿತು, ಅಜ್ಜನವರ ತಪ್ಪು ತಪ್ಪಾಗಿಯೇ ಉಳಿಯಿತು!

ಕ್ಯಾಕ್ಸ್‌ಟನ್ ತಾನು ೧೪೯೦ರಲ್ಲಿ ಅಚ್ಚು ಹಾಕಿದ ಒಂದು ಗ್ರಂಥದ ಮುನ್ನುಡಿಯಲ್ಲಿ ಹೇಳಿರುವ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಥೇಮ್ಸ್ ನದಿಯಲ್ಲಿ ಹಡಗನ್ನೇರಿ ಹೊರಟಿದ್ದ ಕೆಲವು ವರ್ತಕರು ಗಾಳಿ ಬೀಸದ ಕಾರಣ ದಡದಲ್ಲಿ ಇಳಿದರು. ಅವರಲ್ಲೊಬ್ಬನು ಸಮೀಪದ ಮನೆಯೊಂದಕ್ಕೆ ಹೋಗಿ ಉಣ್ಣಲು ಬೇಡುತ್ತ, ಮುಖ್ಯವಾಗಿ ‘ಎಗ್ಸ್’ ಬೇಕೆಂದು ಕೇಳಿದನು. ಮನೆಯೊಡತಿಯು ತನಗೆ ಫ್ರೆಂಚ್ ಬಾರದೆಂದು ಉತ್ತರಿಸಿದಳು! ವರ್ತಕನಿಗೆ ಸಿಟ್ಟು ಬಂದಿತು. ಅವನಿಗೂ ಫ್ರೆಂಚ್ ಬಾರದು. ಕೊನೆಗೆ ಇನ್ನೊಬ್ಬನು ‘ಐರೆನ್’ ಎಂದು ಕೇಳಿದಾಗ ಆಕೆಗೆ ಅರ್ಥವಾಯಿತು. ನಮ್ಮ ಓದುಗರ ಅಡುಗೆಮನೆಗೆ ಸಲ್ಲದ ಪದಾರ್ಥದ ಮಾತು ಬಂದುದಕ್ಕೆ ಕ್ಷಮೆಯಿರಲಿ. ಮೊದಲನೆಯದು ಉತ್ತರ ಸೀಮೆಗೆ ನಾರ್ಸ್ ಜನರು ತಂದ ಶಬ್ದ, ಎರಡನೆಯದು ದಕ್ಷಿಣ ಸೀಮೆಯ ಹಳೆಯ ಶಬ್ದ. ಒಂದೇ ದೇಶದ ಇಬ್ಬರು ಇಂಗ್ಲಿಷ್ ಆಡುತ್ತ ಒಬ್ಬರಿಗೊಬ್ಬರು ಅರ್ಥವಾಗಲಿಲ್ಲ. ಈ ಕಾಲದಲ್ಲಿ ಯಾವುದನ್ನು ಬರೆದರೆ ಸರಿ ಎಂದು ಕ್ಯಾಕ್ಸ್‌ಟನ್ ಅಲ್ಲಿ ತಲೆಯ ಮೇಲೆ ಕೈಹೊತ್ತಿದ್ದಾನೆ. ದಾವಣಗೆರೆಯ ಸೊಸೆ ಕಲಬುರ್ಗಿಯ ಅತ್ತೆಯ ಮನೆಗೆ ಬಂದ ಹೊಸದರಲ್ಲಿ ನಡೆಯುವ ಫಜೀತಿಯನ್ನು ಬಲ್ಲವರಿಗೆ ಇದು ಹೊಸತೇನೂ ಅಲ್ಲ.

ಇನ್ನೂ ನಾನೂರು ವರ್ಷ ಹಿಂದಕ್ಕೆ ಹೋದರೆ ನಮ್ಮ ಸಮಾಜದವರು ಲಕ್ಷ್ಯವಿಟ್ಟು ಕೇಳಬೇಕಾದ ಮಾತೊಂದಿದೆ. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅಲ್ಲಿಂದ ಮುಂದೆ ಅರಮನೆಯಲ್ಲಿ ಫ್ರೆಂಚ್, ಮಠ ಮತ್ತು ವಿದ್ಯಾಪೀಠಗಳಲ್ಲಿ ಲ್ಯಾಟಿನ್. ಇಂಗ್ಲಿಷ್ ಉಳಿದದ್ದು ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಒಲೆಯ ಮುಂದೆ. ಪೀಟರ್‌ಬರೋ ಎಂಬಲ್ಲಿಯ ಕ್ರೈಸ್ತ ಮಠದಲ್ಲಿ ಸಂನ್ಯಾಸಿಗಳು ದೇಶದ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದರು. ಅದೂ ೧೧೫೪ರ ಸಂಗತಿಯೊಂದಿಗೆ ನಿಂತುಹೋಯಿತು. ಅದೇ ಹನ್ನೆರಡನೆಯ ಶತಮಾನದಲ್ಲಿ ಇತ್ತ ಕಲ್ಯಾಣದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿಯವರು ಪರಶಿವನ ಕುರಿತ ಸೂಕ್ಷ್ಮಾತಿಸೂಕ್ಷ್ಮ ಅನುಭಾವವನ್ನು ಕನ್ನಡದಲ್ಲಿ ನುಡಿಯುತ್ತಿದ್ದರು. ಅಂದು ಇಂಗ್ಲಿಷನ್ನು ಆಡುವವನು ತನ್ನ ದೇಶದ ಅರಮನೆಯ ಬಾಗಿಲಲ್ಲಿ ಬಾಯಿ ಮುಚ್ಚಿ ನಿಲ್ಲಬೇಕಾಗಿತ್ತು.

ಆ ಮೌನ ಹರಿಯಲು ಬಹುಕಾಲ ಬೇಕಾಯಿತು. ಕಕ್ಷಿದಾರರಿಗೆ ಫ್ರೆಂಚ್ ತಿಳಿಯದು, ಆದ್ದರಿಂದ ನ್ಯಾಯಾಲಯಗಳಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ೧೩೬೨ರಲ್ಲಿ ಕಾಯದೆಯಾಯಿತು. ವಿನೋದವೆಂದರೆ ಆ ಕಾಯದೆಯನ್ನು ಬರೆದದ್ದು ಫ್ರೆಂಚಿನಲ್ಲಿಯೇ! ೧೩೯೯ರಲ್ಲಿ ನಾಲ್ಕನೆಯ ಹೆನ್ರಿಯು ಸಿಂಹಾಸನದ ಹಕ್ಕನ್ನು ಇಂಗ್ಲಿಷಿನಲ್ಲಿ ಸಾರಿದಾಗ ನಾರ್ಮನ್ನರು ಬಂದು ಮುನ್ನೂರು ವರ್ಷಗಳ ಮೇಲಾಗಿತ್ತು. ಧರ್ಮಗ್ರಂಥವನ್ನು ಜನರ ನುಡಿಗೆ ತರಲು ಹೊರಟವರ ಪಾಡು ಇನ್ನೂ ಕಠಿಣ. ವಿಲಿಯಂ ಟಿಂಡೇಲ್ ಎಂಬ ವಿದ್ವಾಂಸನು ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದು ೧೫೨೬ರಲ್ಲಿ ಪರದೇಶದಲ್ಲಿ ಅಚ್ಚು ಹಾಕಿಸಬೇಕಾಯಿತು. ೧೫೩೬ರಲ್ಲಿ ಅವನನ್ನು ಧರ್ಮದ್ರೋಹಿಯೆಂದು ಕೊರಳು ಬಿಗಿದು ಕೊಂದು ಸುಟ್ಟರು. ೧೬೧೧ರಲ್ಲಿ ಅರಸನ ಅಪ್ಪಣೆಯಿಂದ ಹೊರಬಂದ ಬೈಬಲಿನಲ್ಲಿ ಅವನ ವಾಕ್ಯಗಳೇ ಹೇರಳವಾಗಿ ಉಳಿದಿವೆ. ಅನ್ಯರ ತಪ್ಪನ್ನು ಹೊರುವ ಅಮಾಯಕನಿಗೆ ಇಂಗ್ಲಿಷಿನಲ್ಲಿ ಇಂದಿಗೂ ಹೇಳುವ ‘ಸ್ಕೇಪ್‌ಗೋಟ್’ ಎಂಬ ಶಬ್ದವನ್ನು ಕಟ್ಟಿದವನು ಈ ಟಿಂಡೇಲನೇ. ಜನರ ಪಾಪವನ್ನು ಹೊರಿಸಿ ಕಾಡಿಗೆ ಅಟ್ಟಿದ ಆಡು ಎಂದು ಅದರ ಮೂಲಾರ್ಥ.

ಕೊಟ್ಟಿಗೆಯಲ್ಲಿ ಬೆಳೆದ ನುಡಿಯಾದ್ದರಿಂದಲೋ ಏನೋ, ಇಂಗ್ಲಿಷಿನ ಎಷ್ಟೋ ದೊಡ್ಡ ಪದಗಳ ಬೇರು ಅಡುಗೆಮನೆಯಲ್ಲಿದೆ. ‘ಲಾರ್ಡ್’ ಎಂದರೆ ಒಡೆಯ, ಪ್ರಭು. ದೇವರಿಗೂ ಸಲ್ಲುವ ಪದ. ಹಳೆಯ ಇಂಗ್ಲಿಷಿನಲ್ಲಿ ‘ಹ್ಲಾಫ್’ ಎಂದರೆ ರೊಟ್ಟಿ. ಆ ರೊಟ್ಟಿಯನ್ನು ಕಾಯುವವನೇ, ಅಂದರೆ ಮನೆಮಂದಿಗೆ ಅನ್ನದ ಆಸರೆಯಾದವನೇ ಲಾರ್ಡ್. ‘ಲೇಡಿ’ ಎಂದರೆ ರೊಟ್ಟಿಯ ಹಿಟ್ಟನ್ನು ನಾದುವವಳು. ಅವರ ಆಳನ್ನು ‘ರೊಟ್ಟಿ ಉಣ್ಣುವವ’ ಎಂದೇ ಕರೆಯುತ್ತಿದ್ದರು. ದಾಸೋಹದ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಅರ್ಥಗಳು ಪರಕೀಯವೆನಿಸುವುದಿಲ್ಲ. ಬೆಳಗಿನ ಜಾವ ಕೊಣಮಿಗೆಯ ಮುಂದೆ ಕುಳಿತು ಜೋಳದ ಹಿಟ್ಟು ನಾದುವ ನಮ್ಮ ಅವ್ವಂದಿರು ಆ ಶಬ್ದದ ಮೂಲಾರ್ಥದಲ್ಲಿ ಅಪ್ಪಟ ಲೇಡಿಗಳು. ಕಿಟಕಿಗೆ ಹೇಳುವ ‘ವಿಂಡೋ’ ಶಬ್ದದ ಅರ್ಥ ಗಾಳಿಯ ಕಣ್ಣು. ಸಂಸ್ಕೃತದ ಗವಾಕ್ಷವು ಗೋವಿನ ಕಣ್ಣು. ಎರಡು ದೂರದ ನಾಡುಗಳ ಜನ ಗೋಡೆಯ ಕಿಂಡಿಯಲ್ಲಿ ಕಣ್ಣನ್ನೇ ಕಂಡರು. ‘ಗುಡ್‌ಬೈ’ ಎಂದು ಕೈಬೀಸಿ ಹೋಗುವ ಮಗುವಿಗೆ ತಾನು ‘ದೇವರು ನಿಮ್ಮೊಡನಿರಲಿ’ ಎಂಬ ಹರಕೆಯ ಸವೆದ ರೂಪವನ್ನು ನುಡಿಯುತ್ತಿದ್ದೇನೆಂಬುದು ತಿಳಿದಿರುವುದಿಲ್ಲ. ನೂರಾರು ವರ್ಷಗಳ ಬಾಯಿಮಾತಿನಲ್ಲಿ ಆ ವಾಕ್ಯವು ಮೆಟ್ಟಿಲ ಕಲ್ಲಿನಂತೆ ಸವೆದು ಎರಡು ಅಕ್ಷರಕ್ಕೆ ಇಳಿದಿದೆ.

ಸವೆತದಿಂದ ರೂಪ ಬದಲಾಗುವಂತೆ ಬಳಕೆಯಿಂದ ಅರ್ಥವೂ ತಿರುಗುಮುರುಗಾಗುತ್ತದೆ. ಇಂದು ಒಳ್ಳೆಯದು ಎಂಬರ್ಥದ ‘ನೈಸ್’ ಲ್ಯಾಟಿನ್ನಿನ ‘ತಿಳಿಯದವ’ ಎಂಬ ಪದದಿಂದ ಬಂದದ್ದು, ಮೊದಲು ಇಂಗ್ಲಿಷಿನಲ್ಲಿಯೂ ಮೂಢ ಎಂದೇ ಅದರ ಅರ್ಥ. ಇಂದು ಪೆದ್ದು ಎಂಬರ್ಥದ ‘ಸಿಲ್ಲಿ’ ಹಿಂದೆ ಧನ್ಯ, ದೈವಕೃಪೆಯುಳ್ಳವ ಎಂಬರ್ಥದಲ್ಲಿತ್ತು. ‘ಗರ್ಲ್’ ಎಂದರೆ ಒಂದು ಕಾಲಕ್ಕೆ ಗಂಡಾಗಲಿ ಹೆಣ್ಣಾಗಲಿ ಯಾವ ಮಗುವಾದರೂ ಸರಿ.

ಈ ಅರ್ಥಪಲ್ಲಟಗಳಲ್ಲಿ ನಮ್ಮನ್ನು ಬಹಳ ಕಾಡಿದ್ದು ‘ವಿಲನ್’ ಎಂಬ ಶಬ್ದ. ಸಿನಿಮಾದ ಖಳನಾಯಕನೆಂದೇ ನಮ್ಮ ಮಕ್ಕಳು ಅದನ್ನು ಬಲ್ಲರು. ಅದರ ಮೂಲಾರ್ಥ ಜಮೀನುದಾರನ ಹೊಲದಲ್ಲಿ ದುಡಿಯುವ ಹಳ್ಳಿಗ. ಅಸಭ್ಯನಿಗೆ ಹೇಳುವ ‘ಬೂರ್’ ಎಂಬುದೂ ರೈತನೆಂಬ ಅರ್ಥದ್ದು. ಒರಟನೆಂಬ ಅರ್ಥದ ‘ಚರ್ಲ್’ ಹಿಂದೆ ಸ್ವತಂತ್ರನಾದ ಸಾಮಾನ್ಯ ಒಕ್ಕಲು. ನೇಗಿಲು ಹಿಡಿದವನ ಹೆಸರನ್ನೇ ಲೇಖನಿ ಹಿಡಿದವರು ಬೈಗುಳವಾಗಿಸಿದರು. ಇಂಗ್ಲೆಂಡಿನವರನ್ನೇ ದೂರಿ ಫಲವಿಲ್ಲ; ‘ಹಳ್ಳಿ ಗಮಾರ’ ಎಂದು ನಾವೂ ಅನ್ನುತ್ತೇವೆ, ಗಮಾರ ಎಂದರೂ ಹಳ್ಳಿಯವನೇ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ ಎಂದು ಶರಣರು ತಮ್ಮ ತಮ್ಮ ಕಾಯಕವನ್ನು ಹೆಸರಿನ ಮುಂದೆ ಹೊತ್ತು ಅನುಭವ ಮಂಟಪದಲ್ಲಿ ಕುಳಿತದ್ದು ಏಕೆ ದೊಡ್ಡದು ಎಂಬುದು ಇಂಥ ಶಬ್ದಗಳ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚು ತಿಳಿಯುತ್ತದೆ.

ಹೊಸ ಶಬ್ದಗಳನ್ನು ಕಟ್ಟುವುದರಲ್ಲಿಯೂ ಇಂಗ್ಲಿಷಿಗೆ ಮಡಿಮೈಲಿಗೆಯಿಲ್ಲ. ತಪ್ಪಾಗಿ ಕೇಳಿಸಿಕೊಂಡರೂ ಅದಕ್ಕೆ ಲಾಭವೇ. ಅಡುಗೆ ಮಾಡುವಾಗ ಕಟ್ಟಿಕೊಳ್ಳುವ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ಅ ನೇಪ್ರನ್’ ಎಂದದ್ದನ್ನು ಜನ ‘ಅನ್ ಏಪ್ರನ್’ ಎಂದು ಒಡೆದುಕೊಂಡರು, ನಕಾರ ಜಾರಿಹೋಯಿತು. ಹೊಗೆ ಮತ್ತು ಮಂಜುಗಳ ಪದಗಳೆರಡನ್ನು ಅರ್ಧರ್ಧ ಕತ್ತರಿಸಿ ಜೋಡಿಸಿ ‘ಸ್ಮಾಗ್’ ಎಂದರು. ಐರ್ಲೆಂಡಿನ ರೈತರು ೧೮೮೦ರಲ್ಲಿ ಬಾಯ್‌ಕಾಟ್ ಎಂಬ ಜಮೀನುದಾರರ ಕಾರಭಾರಿಯೊಡನೆ ಸಕಲ ವ್ಯವಹಾರವನ್ನೂ ನಿಲ್ಲಿಸಿದಾಗ ಅವನ ಹೆಸರೇ ಬಹಿಷ್ಕಾರಕ್ಕೆ ಪದವಾಯಿತು.

ನಮ್ಮ ನಾಡಿನಿಂದ ಹೋದವುಗಳೂ ಬಹಳ. ಲೂಟಿಯಿಂದ ‘ಲೂಟ್’. ನಮ್ಮನ್ನು ಲೂಟಿ ಮಾಡಿ ಆ ಪದವನ್ನೂ ಒಯ್ದರೆಂದು ಹಿರಿಯರು ಚೇಷ್ಟೆ ಮಾಡುವುದುಂಟು. ಮೈ ಒತ್ತು, ತಿಕ್ಕು ಎಂಬರ್ಥದ ಹಿಂದಿ ಪದದಿಂದ ‘ಶಾಂಪೂ’. ಮಲಯಾಳದ ಮಾಂಗಾ ಪೋರ್ಚುಗೀಸರ ಬಾಯಿಂದ ‘ಮ್ಯಾಂಗೋ’ ಆಯಿತು. ನಮ್ಮ ತೇಗದ ಮರದ ಬಂಧುವಾದ ಪದವೇ ‘ಟೀಕ್’. ಇಂಥವನ್ನೆಲ್ಲ ಹೆನ್ರಿ ಯೂಲ್ ಮತ್ತು ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಬರ್ನೆಲ್ ಸೇರಿ ಕೂಡಿಹಾಕಿದ ಕೋಶವು ೧೮೮೬ರಲ್ಲಿ ಪ್ರಕಟವಾಯಿತು. ಅದರ ಹೆಸರು ‘ಹಾಬ್ಸನ್-ಜಾಬ್ಸನ್’. ಮೊಹರಮ್ಮಿನ ಮೆರವಣಿಗೆಯಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಇಂಗ್ಲಿಷ್ ಸಿಪಾಯಿಗಳ ಕಿವಿಗೆ ಕೇಳಿಸಿದ ಪರಿ ಅದು! ಅವರು ನಮ್ಮ ಶಬ್ದವನ್ನು ಹೀಗೆ ಕೆಡಿಸಿದರೂ ಅದು ವಿದ್ವತ್ ಗ್ರಂಥದ ಹೆಸರಾಗುತ್ತದೆ. ಲ್ಯಾಂಟರ್ನ್ ಎಂಬುದನ್ನು ನಮ್ಮವರು ಲಾಂದ್ರ ಎಂದರೆ ಮಾತ್ರ ನಗೆಪಾಟಲು. ಲಾಂದ್ರದಲ್ಲಿ ಬೆಳಕೇನೂ ಕಡಿಮೆಯಾಗಲಿಲ್ಲ.

ಶಬ್ದ ಕೂಡಿಹಾಕುವ ಮಾತು ಬಂದಾಗ ಜೇಮ್ಸ್ ಮರ್ರೆಯನ್ನು ನೆನೆಯದೆ ಮುಂದೆ ಹೋಗಲಾಗದು. ಸ್ಕಾಟ್ಲೆಂಡಿನ ಸಿಂಪಿಗನೊಬ್ಬನ ಮಗ, ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವನು, ಸ್ವಂತ ಪರಿಶ್ರಮದಿಂದ ಓದಿ ೧೮೭೯ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾದನು. ಮನೆಯ ಅಂಗಳದಲ್ಲಿ ತಗಡಿನ ಕೊಟಡಿಯೊಂದನ್ನು ಕಟ್ಟಿಸಿ, ಸಾರ್ವಜನಿಕರಿಗೆ ಬಿನ್ನಹ ಮಾಡಿದನು: ಓದುವಾಗ ಕಂಡ ಪದವನ್ನೂ ಅದು ಬಂದ ವಾಕ್ಯವನ್ನೂ ಚೀಟಿಯಲ್ಲಿ ಬರೆದು ಕಳಿಸಿರಿ ಎಂದು. ಲಕ್ಷಗಟ್ಟಲೆ ಚೀಟಿಗಳು ಬಂದವು. ಅವನ ಮಕ್ಕಳು ಕೈಖರ್ಚಿನ ಕಾಸಿಗಾಗಿ ಆ ಚೀಟಿಗಳನ್ನು ಅಕ್ಷರಾನುಕ್ರಮವಾಗಿ ಹೊಂದಿಸುತ್ತಿದ್ದರು. ಮೊದಲ ಸಂಚಿಕೆ ಬಂದದ್ದು ೧೮೮೪ರಲ್ಲಿ, ಕೊನೆಯದು ೧೯೨೮ರಲ್ಲಿ. ಮರ್ರೆ ೧೯೧೫ರಲ್ಲಿಯೇ ತೀರಿಕೊಂಡಿದ್ದನು. ಇದೇ ಕಾಲದಲ್ಲಿ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ, ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಬೆಳಕಿಗೆ ತಂದದ್ದು ನಮ್ಮ ಓದುಗರಿಗೆ ಗೊತ್ತಿರುವ ವಿಷಯ.

ಮರ್ರೆಯ ಕೋಶದಲ್ಲಿ ಈಗ ಐದು ಲಕ್ಷಕ್ಕೂ ಮಿಕ್ಕ ಪದಗಳಿವೆ, ಕೆಲಸ ಮಾತ್ರ ಮುಗಿದಿಲ್ಲ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ‘ಸೆಲ್ಫಿ’ಯನ್ನು ಆಕ್ಸ್‌ಫರ್ಡಿನವರು ೨೦೧೩ರ ವರ್ಷದ ಪದವೆಂದು ಆರಿಸಿದರು. ೨೦೨೦ರ ಏಪ್ರಿಲ್ಲಿನಲ್ಲಿ ಕೋವಿಡ್ ರೋಗದ ಹೆಸರು ನಿಘಂಟಿಗೆ ಸೇರಿತು. ಆಗ ನಮ್ಮ ಹಳ್ಳಿಗಳ ಮುದುಕಿಯರ ಬಾಯಲ್ಲೂ ಇದ್ದ ‘ಕ್ವಾರಂಟೈನ್’ ಹಳೆಯ ಪದ. ವೆನಿಸ್ ನಗರದ ನುಡಿಯಲ್ಲಿ ನಲವತ್ತು ದಿನ ಎಂದು ಅದರ ಅರ್ಥ, ರೋಗಶಂಕೆಯ ಹಡಗುಗಳನ್ನು ದೂರ ನಿಲ್ಲಿಸುತ್ತಿದ್ದ ಅವಧಿ ಅದು. ನಮ್ಮೂರಿನ ಒಬ್ಬ ಅವ್ವ ಅದನ್ನು ‘ಕಾರಂಟೀನ’ ಎನ್ನುತ್ತಿದ್ದಳು. ವೆನಿಸಿನವರ ಉಚ್ಚಾರಕ್ಕೆ ಅದು ಇಂಗ್ಲಿಷರದಕ್ಕಿಂತ ಸಮೀಪವೆಂದು ನಮ್ಮ ಅಂದಾಜು.

ಪರೀಕ್ಷೆಯಲ್ಲಿ ಇಂದಿನ ಕಾಗುಣಿತ, ಇಂದಿನ ಉಚ್ಚಾರಗಳೇ ನಡೆಯುತ್ತವೆ. ಅಂಕ ಬೇಕಾದ ಮಕ್ಕಳು ಅವನ್ನೇ ಕಲಿಯತಕ್ಕದ್ದು. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಕಲಿಸುವ ಗುರುಗಳು, ಕಾಣದ ಅಕ್ಷರಗಳ ಈ ಕಥೆಯನ್ನೂ ನಡುನಡುವೆ ಹೇಳಿದರೆ ಮಕ್ಕಳ ಬಾಯಿಪಾಠದ ಭಾರ ಅರ್ಧ ಇಳಿದೀತು.

ಶ್ರಾವಣದಿಂದ ಬಂದಮೇಲೆ ನಾವು ಆ ಮೊಮ್ಮಗನಿಗೆ ಕಕಾರದ ಕಥೆಯನ್ನು ವಿವರವಾಗಿ ಬರೆದು ಒಂದು ಕಾಗದ ಹಾಕಿದೆವು. ಉತ್ತರ ಬರಲಿಲ್ಲ. ದೀಪಾವಳಿಗೆ ಮತ್ತೆ ಆ ಮನೆಗೆ ಹೋದಾಗ ಅಜ್ಜನೂ ಮೊಮ್ಮಗನೂ ಪಡಸಾಲೆಯಲ್ಲಿ ಪಾಟಿಯೊಂದನ್ನು ನಡುವೆ ಇಟ್ಟುಕೊಂಡು ಕುಳಿತಿದ್ದರು. ಕುದುರೆಯೇರುವ ವೀರನಿಗೆ ಹೇಳುವ ‘ನೈಟ್’ ಎಂಬ ಪದವನ್ನು ಹುಡುಗ ಬರೆದು ತೋರಿಸಿದ್ದನು. ಅಜ್ಜನವರು ಕನ್ನಡಕ ಸರಿಪಡಿಸಿಕೊಂಡು, ಒಂದಕ್ಷರವನ್ನೂ ಬಿಡದೆ, ‘ಕ್ನಿಘ್ಟ್’ ಎಂದು ಬಿಗಿಯಾಗಿ ಓದಿದರು.

“ಅಜ್ಜಾ, ಆರುನೂರು ವರ್ಷದ ಹಿಂದ ಅಲ್ಲೆ ಹುಟ್ಟಿದ್ರ ನಿನಗ ನೂರಕ್ಕ ನೂರು ಬೀಳ್ತಿದ್ದುವು ನೋಡು” ಎಂದನು ಹುಡುಗ.

“ಈಗ ಎಷ್ಟು ಬಿದ್ದುವು?”

“ಈಗ ಸೊನ್ನೆ.”

“ಇರಲಿ ಬಿಡು, ಮುಂದಿಂದು ಬರಿ” ಎಂದು ಅಜ್ಜನವರು ಪಾಟಿಯನ್ನು ಒರೆಸಿ ಅವನ ಕೈಗೆ ಕೊಟ್ಟರು.